ಕಾರು ಕೊಂಡವನದು, ಹಾದಿ ಎಲ್ಲರದು

ಯುರೋಪಿನ ಹಣವುಳ್ಳವರಲ್ಲಿ ಒಂದು ಪದ್ಧತಿಯುಂಟು. ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವಾತನು ಅದು ತನ್ನೂರಿನ ಅಂಗಡಿಗೆ ಬಂದು ಇಳಿಯುವ ತನಕ ಕಾಯುವುದಿಲ್ಲ. ತಾನೇ ಕಾರ್ಖಾನೆಯ ಬಾಗಿಲಿಗೆ ಹೋಗಿ ಕೀಲಿಕೈ ಪಡೆದು, ಅಲ್ಲಿಂದಲೇ ಎರಡು ಮೂರು ದೇಶಗಳನ್ನು ಸುತ್ತಿಕೊಂಡು ಮನೆಗೆ ಮರಳುತ್ತಾನೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ತ್ಸುಫನ್‌ಹೌಸನ್ ಬಡಾವಣೆಯಲ್ಲಿರುವ ಪೋರ್ಷೆ ಕಾರ್ಖಾನೆಯು ಇಂಥ ಗಿರಾಕಿಗಳನ್ನು ಬರಮಾಡಿಕೊಂಡು, ಒಳಗಿನ ಕೆಲಸವನ್ನೆಲ್ಲ ತೋರಿಸಿ, ಕಾರನ್ನು ಒಪ್ಪಿಸುತ್ತದೆ. ಆಮೇಲೆ ಆಲ್ಪ್ಸ್ ಪರ್ವತದ ಘಟ್ಟಗಳು, ಇಟಲಿಯ ಸಮುದ್ರತೀರ, ಆಸ್ಟ್ರಿಯಾದ ಹಿಮಶಿಖರಗಳು. ಇದರ ಯೋಜನೆಗಾಗಿ ತಿಂಗಳುಗಟ್ಟಲೆ ನಕ್ಷೆಗಳನ್ನು ಹರಡಿಕೊಂಡು ಕೂಡುವವರಿದ್ದಾರೆ.

ಪಾಳಿ ಮುಗಿಸಿ ಗಿರಣಿಯಿಂದ ಬಂದವನಿಗೂ, ಅಂಗಡಿಯ ಬಾಗಿಲು ಹಾಕಿ ಲೆಕ್ಕ ಬರೆಯಲು ಕುಳಿತವನಿಗೂ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಹೊಟ್ಟೆ ತುಂಬಿದವರ ವಿನೋದವೆಂದು ತಳ್ಳಿಹಾಕುವುದು ಸುಲಭ. ನಾವು ಹಾಗೆ ತಳ್ಳಿಹಾಕುವುದಿಲ್ಲ. ಕಾರು ಅದನ್ನು ಕೊಂಡವನ ಸೊತ್ತು, ಒಪ್ಪೋಣ. ಆದರೆ ಅದು ಓಡುವ ಹಾದಿಯನ್ನು ಆತನು ಕೊಂಡಿಲ್ಲ. ಆ ಹಾದಿಯನ್ನು ಕಡಿದವರಾರು, ಕಾಯುತ್ತಿರುವವರಾರು, ಅದರಿಂದ ಬರುವ ಹಣ ಯಾರ ಕೈಗೆ ಸೇರುತ್ತದೆ, ಎದುರಿಗೆ ಬರುವವನ ಹಕ್ಕೇನು ಎಂಬ ಪ್ರಶ್ನೆಗಳು ಎಲ್ಲರವೂ ಹೌದು. ಆದುದರಿಂದ ಇಂಥ ಯಾತ್ರೆಯ ಯೋಜನೆಯನ್ನು ಕಾರಿನ ಶಕ್ತಿಯನ್ನು ನೋಡಿ ಹಾಕುವುದು ತಪ್ಪು, ಹಾದಿಯನ್ನು ನೋಡಿ ಹಾಕುವುದು ಸರಿ ಎಂಬುದೇ ನಮ್ಮ ವಾದ.

ಮೊದಲು ಕಾರ್ಖಾನೆಯಿಂದಲೇ ಆರಂಭಿಸೋಣ. ಗಿರಾಕಿಗೆ ಅಲ್ಲಿ ತೋರಿಸುವುದು ಎಂಜಿನ್ನನ್ನು, ಚರ್ಮದ ಆಸನವನ್ನು, ಬಣ್ಣದ ಹೊಳಪನ್ನು. ಆತನು ಕೇಳಿ ತಿಳಿಯಬೇಕಾದುದು ಇನ್ನೊಂದಿದೆ. 1984ರಲ್ಲಿ ಇದೇ ಸ್ಟುಟ್‌ಗಾರ್ಟ್ ಸೀಮೆಯ ಲೋಹ ಕಾರ್ಮಿಕರು ವಾರಕ್ಕೆ 35 ಗಂಟೆಗಳ ದುಡಿಮೆ ಸಾಕೆಂದು ವಾರಗಟ್ಟಲೆ ಮುಷ್ಕರ ಹೂಡಿದರು. ಬೇಡಿಕೆ ಹಂತಹಂತವಾಗಿ ಈಡೇರಿ 1995ರಲ್ಲಿ ಪೂರ್ಣಗೊಂಡಿತು. ಎರಡು ಸಾವಿರಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನಗಳು ಕಾರ್ಮಿಕರ ಪ್ರತಿನಿಧಿಗಳಿಗೆ ಸಲ್ಲಬೇಕೆಂದು ಅಲ್ಲಿನ 1976ರ ಕಾಯಿದೆ ವಿಧಿಸುತ್ತದೆ. ಅಧ್ಯಕ್ಷನ ಹೆಚ್ಚುವರಿ ಮತ ಬಂಡವಾಳದ ಕಡೆಗೇ ಉಳಿದಿದೆಯೆಂಬುದು ನಿಜ. ಆದರೂ ಒಳ್ಳೆಯ ಕಾರು ಮಾಡಬೇಕಾದರೆ ಕಾರ್ಮಿಕನ ಬೆನ್ನು ಮುರಿಯಬೇಕಾಗಿಲ್ಲವೆಂಬುದಕ್ಕೆ ಈ ಊರೇ ಸಾಕ್ಷಿ. ದುಡಿಮೆಯ ಹೊತ್ತು ಇಳಿದರೆ ಉದ್ಯಮ ಮುಳುಗುತ್ತದೆಂದು ಹೇಳುವ ಮಾಲೀಕರು ಇಲ್ಲಿಗೊಮ್ಮೆ ಬಂದು ನೋಡಲಿ.

ಹೊಸ ಕಾರು ಕೈಗೆ ಬಂದ ಕೂಡಲೆ ಗಾಳಿಯಂತೆ ಓಡಿಸಬೇಕೆಂಬ ಆಸೆ ಮೂಡುವುದು ಸಹಜ. ಜರ್ಮನಿಯ ಹೆದ್ದಾರಿಗಳಲ್ಲಿ ಹಲವು ಕಡೆ ವೇಗಕ್ಕೆ ಮಿತಿಯೂ ಇಲ್ಲ. 1978ರಿಂದ ಗಂಟೆಗೆ 130 ಕಿಲೋಮೀಟರು ಎಂಬ ಒಂದು ಸಲಹೆ ಮಾತ್ರವುಂಟು. ಆದರೆ ಆಸೆಗೆ ಕಡಿವಾಣ ಹಾಕುವುದು ಆ ಯಂತ್ರವೇ. ಹೊಸ ಎಂಜಿನ್ನು ಮೊದಲ ಕೆಲವು ಸಾವಿರ ಕಿಲೋಮೀಟರು ಮಿತವಾಗಿ ನಡೆಯಬೇಕು. ಹೊಸ ಟೈರುಗಳಿಗೂ ಬ್ರೇಕುಗಳಿಗೂ ಪಳಗಲು ಸಮಯ ಬೇಕು. ಹೊಸ ಎತ್ತಿಗೆ ಮೊದಲ ದಿನವೇ ಭಾರದ ಗಾಡಿ ಕಟ್ಟುವ ರೈತನುಂಟೇ? ಲಕ್ಷಗಟ್ಟಲೆ ಸುರಿದು ವೇಗ ಕೊಂಡವನು ತನ್ನ ಮೊದಲ ಯಾತ್ರೆಯನ್ನು ನಿಧಾನವಾಗಿಯೇ ಮಾಡಬೇಕಾಗಿದೆ. ಇದು ಒಳ್ಳೆಯದೇ. ಘಟ್ಟದ ಹಾದಿಯಲ್ಲಿ ದಿನಕ್ಕೆ 250 ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳದವನಿಗೆ ಊರುಗಳೂ ಕಾಣುತ್ತವೆ, ಜನರೂ ಕಾಣುತ್ತಾರೆ. ಹೆದ್ದಾರಿಯ ಬದಿಯ ದೊಡ್ಡ ಕಂಪನಿಯ ಉಪಾಹಾರ ಗೃಹವನ್ನು ಬಿಟ್ಟು, ಗಂಡ ಹೆಂಡತಿ ಮಕ್ಕಳು ಸೇರಿ ನಡೆಸುವ ಹಳ್ಳಿಯ ವಸತಿಗೃಹದಲ್ಲಿ ರಾತ್ರಿ ಕಳೆದರೆ ಅವನ ಹಣದಲ್ಲಿ ನಾಲ್ಕು ಕಾಸು ಸಣ್ಣ ವ್ಯಾಪಾರಿಯ ಗಲ್ಲಕ್ಕೂ ಬಿದ್ದೀತು.

ಗಡಿ ದಾಟಿ ಸ್ವಿಟ್ಸರ್ಲೆಂಡಿಗೆ ಬಂದರೆ ಹೆದ್ದಾರಿಗೆ ವರ್ಷಕ್ಕೆ 40 ಫ್ರಾಂಕು ಸುಂಕ. ಈ ದರ 1995ರಲ್ಲಿ ಗೊತ್ತಾದುದು. ಅದನ್ನು 100 ಫ್ರಾಂಕಿಗೆ ಏರಿಸಬೇಕೆಂದು ಸರ್ಕಾರ ಹೊರಟಾಗ 2013ರ ನವೆಂಬರಿನಲ್ಲಿ ಜನರು ಮತ ಹಾಕಿ ಬೇಡವೆಂದರು. ಹಾದಿಯ ಸುಂಕವನ್ನು ಹಾದಿಯಲ್ಲಿ ನಡೆಯುವವರೇ ಮತ ಹಾಕಿ ನಿರ್ಣಯಿಸುವ ದೇಶವಿದೆಯೆಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ.

ಆ ದೇಶದ ಇನ್ನೆರಡು ಕಟ್ಟಳೆಗಳು ನಮಗೆ ಬಹಳ ಹಿಡಿಸಿವೆ. ಕಡಿದಾದ ಇಕ್ಕಟ್ಟಿನ ಹಾದಿಯಲ್ಲಿ ಎರಡು ಗಾಡಿಗಳು ಎದುರುಬದುರಾಗಿ ನಿಂತರೆ ಸಾಮಾನ್ಯವಾಗಿ ಇಳಿಯುತ್ತಿರುವವನೇ ಹಿಂದೆ ಸರಿದು, ಏರುತ್ತಿರುವವನಿಗೆ ದಾರಿ ಬಿಡಬೇಕು. ಕಷ್ಟಪಟ್ಟು ಮೇಲೇರುವವನಿಗೆ ಮೊದಲ ಹಕ್ಕೆಂಬ ನ್ಯಾಯ ರಸ್ತೆಗೆ ಮಾತ್ರ ಸಾಲದು, ರಾಜ್ಯಕ್ಕೂ ಬೇಕು. ಎರಡನೆಯದಾಗಿ, ಅಲ್ಲಿನ ಘಟ್ಟಗಳಲ್ಲಿ ಅಂಚೆ ಇಲಾಖೆಯ ಹಳದಿ ಬಸ್ಸು ಮೂರು ಸ್ವರದ ಕೊಂಬನ್ನು ಊದುತ್ತ ಬರುತ್ತದೆ. ಅಂಚೆಯ ಹಾದಿಯೆಂದು ಗುರುತು ಹಾಕಿದ ರಸ್ತೆಗಳಲ್ಲಿ ಆ ಬಸ್ಸಿನ ಚಾಲಕನು ಕೈಸನ್ನೆ ಮಾಡಿದರೆ ಎಂಥ ಬೆಲೆಯ ಕಾರಿನವನಾದರೂ ಕೇಳಲೇಬೇಕು. ಸಂತೆಗೆ ಹೊರಟ ಮುದುಕಿ, ಶಾಲೆಯಿಂದ ಮರಳುವ ಮಗು, ಪಾಳಿಗೆ ಹೋಗುವ ಕೆಲಸಗಾರ ಇವರೆಲ್ಲ ಕುಳಿತ ಬಸ್ಸಿಗೆ ಸ್ಪೋರ್ಟ್ಸ್ ಕಾರು ಬದಿಗೆ ನಿಂತು ದಾರಿ ಬಿಡುವುದೆಂದರೆ ಅದಕ್ಕಿಂತ ಒಳ್ಳೆಯ ಪೌರನೀತಿಯ ಪಾಠ ಯಾವ ಶಾಲೆಯಲ್ಲಿ ಸಿಕ್ಕೀತು?

ವೇಗದ ಮಿತಿ ಮೀರಿದವನಿಗೆ ಅಲ್ಲಿ ಬೀಳುವ ದಂಡವೂ ವಿಚಾರಮಾಡತಕ್ಕದ್ದು. ಸಣ್ಣಪುಟ್ಟ ತಪ್ಪಿಗೆ ಎಲ್ಲರಿಗೂ ಒಂದೇ ದಂಡ. ತಪ್ಪು ದೊಡ್ಡದಾದರೆ ನ್ಯಾಯಾಧೀಶನು ಅಪರಾಧಿಯ ಆದಾಯವನ್ನೂ ಆಸ್ತಿಯನ್ನೂ ನೋಡಿ ದಂಡ ಗೊತ್ತುಮಾಡುತ್ತಾನೆ. 2010ರಲ್ಲಿ ಸೇಂಟ್ ಗಾಲನ್ ಪ್ರಾಂತ್ಯದ ಹಳ್ಳಿಯೊಂದರ ನಡುವೆ ಫೆರಾರಿ ಕಾರನ್ನು ಮಿತಿಮೀರಿ ಓಡಿಸಿದ ಕೋಟ್ಯಧೀಶನೊಬ್ಬನಿಗೆ ಹತ್ತಿರ ಹತ್ತಿರ 3 ಲಕ್ಷ ಫ್ರಾಂಕು ದಂಡ ಬಿದ್ದಿತು. ಬಡವನಿಗೂ ಸಿರಿವಂತನಿಗೂ ನೂರೇ ರೂಪಾಯಿ ದಂಡವೆಂದರೆ ಬಡವನಿಗೆ ಅದು ಒಂದು ಹೊತ್ತಿನ ಊಟ, ಸಿರಿವಂತನಿಗೆ ಎಲೆ ಅಡಿಕೆಯ ಖರ್ಚು. ಸಮನಾಗಿ ನೋಯಿಸುವ ದಂಡವೇ ಸಮಾನವಾದ ದಂಡ.

ಮುಂದೆ ಗೊಟ್‌ಹಾರ್ಡ್ ಘಟ್ಟ. ಅದರ ಕಲ್ಲು ಹಾಸಿದ ಹಳೆಯ ಹಾದಿ ಹಾವಿನಂತೆ ಸುರುಳಿ ಸುತ್ತಿ ದಕ್ಷಿಣಕ್ಕೆ ಇಳಿಯುತ್ತದೆ. ಕಾರಿನವರು ಚಿತ್ರ ತೆಗೆದುಕೊಳ್ಳಲು ಅಲ್ಲಿ ನಿಲ್ಲುವುದುಂಟು. ನಿಲ್ಲಲಿ. ಆದರೆ ಕೆಳಗಿಳಿದ ಮೇಲೆ ಐರೋಲೋ ಎಂಬ ಊರಿನ ರೈಲ್ವೆ ನಿಲ್ದಾಣದ ಬಳಿಯೂ ಒಂದು ಗಳಿಗೆ ನಿಲ್ಲಬೇಕು. ಈ ಬೆಟ್ಟದ ಹೊಟ್ಟೆಯನ್ನು ಕೊರೆದು 1872ರಿಂದ 1882ರ ತನಕ 15 ಕಿಲೋಮೀಟರು ಉದ್ದದ ರೈಲು ಸುರಂಗ ಮಾಡಿದರು. ಕೊರೆದವರು ಹೆಚ್ಚಾಗಿ ಇಟಲಿಯ ಬಡ ಕೂಲಿಗಳು. ಸಿಡಿಮದ್ದಿನ ಹೊಗೆ, ಸೆಕೆ, ಕೆಸರು ನೀರು. ಸುಮಾರು 200 ಮಂದಿ ಅಪಘಾತಗಳಲ್ಲಿ ಸತ್ತರು. ರೋಗ ಹತ್ತಿ ಊರಿಗೆ ಮರಳಿ ಸತ್ತವರು ಈ ಲೆಕ್ಕದಲ್ಲಿಲ್ಲ. 1875ರ ಜುಲೈಯಲ್ಲಿ ಉತ್ತರದ ಬಾಯಿಯಾದ ಗ್ಯೋಷೆನೆನ್‌ನಲ್ಲಿ ಕೂಲಿಗಳು ಒಳ್ಳೆಯ ಗಾಳಿ, ಒಂದಿಷ್ಟು ಹೆಚ್ಚು ಕೂಲಿ ಬೇಕೆಂದು ಕೆಲಸ ನಿಲ್ಲಿಸಿದಾಗ ಅವರ ಮೇಲೆ ಗುಂಡು ಹಾರಿಸಿದರು. ನಾಲ್ವರು ಸತ್ತರು. ಸತ್ತ ಗೆಳೆಯನನ್ನು ಹೊತ್ತು ತರುತ್ತಿರುವ ಕೂಲಿಗಳ ಉಬ್ಬುಶಿಲ್ಪವೊಂದನ್ನು ವಿನ್ಚೆಂಜೋ ವೇಲಾ ಎಂಬ ಶಿಲ್ಪಿ ಮಾಡಿದನು. ಅದರ ಕಂಚಿನ ಎರಕವು ಐರೋಲೋದಲ್ಲಿದೆ. ಕೈ ಕೆಸರಾದರೆ ಬಾಯಿ ಮೊಸರೆಂದು ನಮ್ಮ ಹಿರಿಯರು ಹೇಳಿದರು. ಇಲ್ಲಿ ಕೆಸರಾದ ಕೈ ಒಬ್ಬನದು, ಮೊಸರುಂಡ ಬಾಯಿ ಇನ್ನೊಬ್ಬನದು.

ಅಲ್ಲಿಂದ ಇಟಲಿ. ಇಲ್ಲಿನ ಹೆದ್ದಾರಿಗಳಲ್ಲಿ ಓಡಿದಷ್ಟು ದೂರಕ್ಕೆ ಸುಂಕ ತೆರಬೇಕು. ಹಳೆಯ ಪಟ್ಟಣಗಳ ಒಳಬೀದಿಗಳಿಗೆ ಹೊರಗಿನ ಕಾರುಗಳು ನುಗ್ಗುವಂತಿಲ್ಲ. ಫಲಕ ನೋಡದೆ ನುಗ್ಗಿದವನ ಮನೆಗೆ ದಂಡದ ಚೀಟಿ ಬರುತ್ತದೆ. ಕಾಲ್ನಡಿಗೆಯವರಿಗೂ ಬೀದಿಯಲ್ಲಿ ಜಾಗವಿರಬೇಕಾದುದು ನ್ಯಾಯವೇ. ಕಾರನ್ನು ಊರ ಹೊರಗೆ ನಿಲ್ಲಿಸಿ ನಡೆದು ಹೋಗುವಂತೆ ಯೋಜನೆ ಹಾಕತಕ್ಕದ್ದು.

ಸಮುದ್ರತೀರದ ಜಿನೋವಾ ನಗರದಲ್ಲಿ ಪ್ರಯಾಣಿಕನು ದಾಟುವ ಹೆದ್ದಾರಿ ಸೇತುವೆ 2020ರಲ್ಲಿ ತೆರೆದದ್ದು. ಅದರ ಜಾಗದಲ್ಲಿ ಮೊದಲಿದ್ದ 1967ರ ಮೊರಾಂಡಿ ಸೇತುವೆ 2018ರ ಆಗಸ್ಟ್ 14ರಂದು ಮಳೆಯ ನಡುವೆ ಕುಸಿದು 43 ಮಂದಿ ಪ್ರಾಣ ಕಳೆದುಕೊಂಡರು. ಸರ್ಕಾರದ ಕೈಯಲ್ಲಿದ್ದ ಹೆದ್ದಾರಿ ಕಂಪನಿಯನ್ನು 1999ರಲ್ಲಿ ಖಾಸಗಿಯವರಿಗೆ ಮಾರಲಾಗಿತ್ತು. ಅದರ ಹಿಡಿತ ಉಣ್ಣೆಯ ಉಡುಪಿನ ವ್ಯಾಪಾರದಿಂದ ದೊಡ್ಡದಾದ ಬೆನೆಟನ್ ಮನೆತನಕ್ಕೆ ಬಂದಿತ್ತು. ಅಪರಾಧಿಗಳು ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಾವು ಕೇಳುವುದಿಷ್ಟೆ: ಸೇತುವೆಯ ದುರಸ್ತಿಗೆ ಖರ್ಚು ಮಾಡಿದಷ್ಟೂ ಲಾಭ ಕಡಿಮೆಯಾಗುವ ಏರ್ಪಾಡಿನಲ್ಲಿ, ಜನರ ಪ್ರಾಣದ ಕಾವಲನ್ನು ಲಾಭಕ್ಕಾಗಿ ಕೂತವನಿಗೆ ವಹಿಸುವುದು ಯಾವ ಜಾಣತನ? 2022ರಲ್ಲಿ ಸರ್ಕಾರಿ ಹಣಕಾಸು ಸಂಸ್ಥೆಯೊಂದರ ಮುಂದಾಳತ್ವದ ಕೂಟವು ಆ ಕಂಪನಿಯನ್ನು ಮತ್ತೆ ಕೊಂಡುಕೊಂಡಿತು. ಮಾರಿದ್ದನ್ನೇ ಮರಳಿ ಕೊಳ್ಳಬೇಕಾಯಿತು. ನಡುವೆ ಹೋದ ಜೀವಗಳನ್ನು ಯಾವ ಪೇಟೆಯಲ್ಲಿ ಕೊಳ್ಳುವುದು?

ಸುಂಕವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಉತ್ತರಕ್ಕೆ ತಿರುಗಿ, 1820ರಿಂದ 1825ರೊಳಗೆ ಕಡಿದ ಸ್ಟೆಲ್ವಿಯೋ ಘಟ್ಟದ ಮೂಲಕ ಆಸ್ಟ್ರಿಯಾದ ಕಡೆಗೆ ಹೋಗೋಣ. 2,757 ಮೀಟರು ಎತ್ತರದ ಈ ಘಟ್ಟದ ಒಂದು ಬದಿಯಲ್ಲೇ 48 ಇಕ್ಕಟ್ಟಿನ ತಿರುವುಗಳಿವೆ. ಹಿಮ ಬಿದ್ದರೆ ಮುಚ್ಚಿಬಿಡುತ್ತದೆ. ಆದುದರಿಂದ ಜೂನ್ ಕೊನೆಯಿಂದ ಸೆಪ್ಟೆಂಬರಿನೊಳಗೆ ಯಾತ್ರೆ ಮುಗಿಯಬೇಕು. ಮುಂದೆ ಸಿಗುವ ಗ್ರಾಸ್‌ಗ್ಲಾಕ್ನರ್ ಪರ್ವತದ ರಸ್ತೆ 48 ಕಿಲೋಮೀಟರು ಉದ್ದದ್ದು. ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲದಲ್ಲಿ, 1930ರಿಂದ 1935ರ ತನಕ, ಕೆಲಸವಿಲ್ಲದ ಸಾವಿರಾರು ಮಂದಿಗೆ ಕೂಲಿ ಕೊಟ್ಟು ಅದನ್ನು ಕಟ್ಟಿಸಿದರು. ಅಲ್ಲಿಯೂ ಸುಂಕವಿದೆ, ಅದು ಕಡಿಮೆಯೇನೂ ಅಲ್ಲ. ಆದರೆ ಅದನ್ನು ನಡೆಸುವ ಕಂಪನಿಯ ಒಡೆತನ ಆಸ್ಟ್ರಿಯಾ ಗಣರಾಜ್ಯದ್ದು ಮತ್ತು ಅದರ ಎರಡು ಪ್ರಾಂತ್ಯಗಳದು. ಸುಂಕದ ಕಟ್ಟೆ ಎರಡು ಕಡೆಯೂ ಒಂದೇ ತೆರನಾಗಿ ಕಾಣುತ್ತದೆ. ಅದರ ಹಿಂದೆ ಕುಳಿತವನು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದರಲ್ಲಿ ಎಲ್ಲ ವ್ಯತ್ಯಾಸವೂ ಅಡಗಿದೆ.

ಕಾರಿನವನನ್ನು ದ್ವೇಷಿಸಿ ನಮಗೆ ಆಗಬೇಕಾದುದೇನೂ ಇಲ್ಲ. ಬೆಟ್ಟ ನೋಡಬೇಕು, ದೂರದ ಊರು ಕಾಣಬೇಕು ಎಂಬ ಆಸೆ ಮನುಷ್ಯಮಾತ್ರನದು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲಿ ಮುಷ್ಕರ ಹೂಡಿ ಕುಳಿತ ಮೇಲೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜ ಕಾಯಿದೆಯಾಗಿ ಬಂದಿತು. ಆ ಬೇಸಿಗೆಯಲ್ಲಿ ಸಮುದ್ರವನ್ನೇ ಕಾಣದಿದ್ದ ಎಷ್ಟೋ ಕುಟುಂಬಗಳು ಸೈಕಲ್ಲು ಹತ್ತಿ, ರೈಲು ಹತ್ತಿ ತೀರಕ್ಕೆ ಹೋದವು. ಯಾತ್ರೆಯ ಯೋಜನೆ ಹಾಕುವ ಸುಖ ಅಂದು ಅವರಿಗೂ ದೊರೆಯಿತು.

ಆದುದರಿಂದ ಕಾರಿನವನಿಗೆ ನಮ್ಮ ಮಾತು ಇದು: ನಿಧಾನವಾಗಿ ಹೋಗು, ಬಸ್ಸಿಗೆ ದಾರಿ ಬಿಡು, ಸುಂಕ ಕೊಡು, ಐರೋಲೋದಲ್ಲಿ ಇಳಿದು ತಲೆಬಾಗು. ನಮ್ಮ ವಾಚಕರಿಗೆ ನಮ್ಮ ಮಾತು ಇನ್ನೊಂದು: ಹಾದಿಯನ್ನು ಮಾರಲು ಬಿಡಬೇಡಿ, ರಜವನ್ನು ಕೇಳಲು ನಾಚಬೇಡಿ. ಕಾರು ಎಲ್ಲರಿಗೂ ಬರಲಿಕ್ಕಿಲ್ಲ. ಹಾದಿಯೂ ಬಿಡುವೂ ಎಲ್ಲರಿಗೂ ಬರಲೇಬೇಕು.