ಆರು ದಿನಗಳ ಸೃಷ್ಟಿಯೂ ಜೀವವಿಕಾಸವೂ

ನಾನಾ ದಿಕ್ಕುಗಳಿಂದ ಜನರು ಬಂದು ನೆಲೆಸಿರುವ ಬೇಗೂರಿನಂತಹ ಊರಿನಲ್ಲಿ, ನಾನಾ ಮತಗಳ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತು ಜೀವವಿಕಾಸದ ಪಾಠವನ್ನು ಕೇಳುತ್ತಾರೆ. ದೇವರು ಆರು ದಿನಗಳಲ್ಲಿ ಜಗತ್ತನ್ನು ನಿರ್ಮಿಸಿದನೆಂದು ಬೈಬಲಿನ ಆದಿಕಾಂಡದಲ್ಲಿ ಓದಿದ ಬಾಲಕನು, ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷಗಳೆಂದು ಕೇಳಿದಾಗ ಯಾವುದನ್ನು ನಂಬಬೇಕು? ಅವನಿಗೆ ಪ್ರಾಮಾಣಿಕವಾದ ಉತ್ತರವನ್ನೀಯುವುದು ಉಪಾಧ್ಯಾಯರ ಹೊಣೆ.

ಒಂದೊಂದು ದಿನವೆಂದರೆ ಒಂದೊಂದು ದೀರ್ಘ ಯುಗವೆಂದು ಅರ್ಥೈಸಿ ಸಮನ್ವಯ ಸಾಧಿಸುವವರುಂಟು. ಅವರ ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಕೂಡಿಬರುವುದಿಲ್ಲ. ಆದಿಕಾಂಡದಲ್ಲಿ ಮೂರನೆಯ ದಿನ ಸಸ್ಯಗಳು ಹುಟ್ಟುತ್ತವೆ, ಸೂರ್ಯನು ನಾಲ್ಕನೆಯ ದಿನ ಬರುತ್ತಾನೆ. ಐದನೆಯ ದಿನ ಪಕ್ಷಿಗಳು, ಆರನೆಯ ದಿನ ನೆಲದ ಪ್ರಾಣಿಗಳು. ಪಳೆಯುಳಿಕೆಗಳಾದರೋ ಪಕ್ಷಿಗಳು ನೆಲದ ಮೇಲಿನ ಸರೀಸೃಪಗಳಿಂದಲೇ ವಿಕಾಸಗೊಂಡುವೆಂದು ಸಾರುತ್ತವೆ. ದಿನವನ್ನು ಎಷ್ಟು ಹಿಗ್ಗಿಸಿದರೂ ಅನುಕ್ರಮವು ಬದಲಾಗದು.

ಕ್ರೈಸ್ತ ಚಿಂತಕರಿಗೆ ಈ ತೊಡಕು ಹೊಸದಲ್ಲ. ಡಾರ್ವಿನ್ನನ ಗ್ರಂಥ ಪ್ರಕಟವಾದದ್ದು 1859ರಲ್ಲಿ. ಅದಕ್ಕೆ ಹದಿನಾಲ್ಕು ಶತಮಾನಗಳಿಗೂ ಹಿಂದೆಯೇ ಸಂತ ಅಗಸ್ಟೀನನು ಆ ದಿನಗಳು ನಮ್ಮ ಸಾಮಾನ್ಯ ದಿನಗಳಲ್ಲವೆಂದು ವಿವೇಚಿಸಿದ್ದನು. ಅಕ್ಷರಾರ್ಥಕ್ಕೆ ಅಂಟಿಕೊಂಡ ಬಿಷಪ್ ಅಷರ್ 1650ರಲ್ಲಿ ಸೃಷ್ಟಿಯ ವರ್ಷವನ್ನು ಕ್ರಿ.ಪೂ. 4004 ಎಂದು ನಿಗದಿಪಡಿಸಿದನು. ಆ ಗಣನೆಯನ್ನು ಭೂವಿಜ್ಞಾನ ತಳ್ಳಿಹಾಕಿತು. 1950ರಲ್ಲಿ ಹನ್ನೆರಡನೆಯ ಪಯಸ್ ಪೋಪರು, ಮಾನವ ದೇಹದ ವಿಕಾಸವನ್ನು ಕುರಿತ ಸಂಶೋಧನೆಗೆ ಧರ್ಮಸಭೆಯ ನಿಷೇಧವಿಲ್ಲವೆಂದೂ, ಆತ್ಮವು ಮಾತ್ರ ದೇವರ ನೇರ ಸೃಷ್ಟಿಯೆಂದೂ ಹೇಳಿದರು.

ನೆರೆಮನೆಯ ತೊಡಕನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ಮತ್ಸ್ಯ, ಕೂರ್ಮ, ವರಾಹಗಳ ಸಾಲಿನಲ್ಲಿ ವಿಕಾಸವಾದವನ್ನು ಕಾಣುವವರೂ, ಅಲ್ಲಮಪ್ರಭುವಿನ ಶೂನ್ಯದಲ್ಲಿ ಮಹಾಸ್ಫೋಟ ಸಿದ್ಧಾಂತವನ್ನು ಹುಡುಕುವವರೂ ನಮ್ಮಲ್ಲಿದ್ದಾರೆ. ಇದರಿಂದ ವಚನದ ಘನತೆ ಹೆಚ್ಚುವುದಿಲ್ಲ. ನಾಳೆ ವಿಜ್ಞಾನವು ತನ್ನ ಮಾತನ್ನು ತಿದ್ದಿಕೊಂಡರೆ ವಚನವನ್ನೂ ತಿದ್ದಬೇಕೆ? ಅನುಭಾವಕ್ಕೆ ವಿಜ್ಞಾನದ ಊರುಗೋಲು ಬೇಕಿಲ್ಲ.

ಸರಿಯಾದ ಸಮನ್ವಯಕ್ಕೆ ದೃಷ್ಟಾಂತ ನಮ್ಮ ಊರಿನಲ್ಲಿಯೇ ಇದೆ. ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 900ರ ಶಿಲಾಶಾಸನವು 'ಬೆಂಗಳೂರು ಕಾಳಗ'ವನ್ನು ಹೆಸರಿಸುತ್ತದೆ. ಶಾಸನತಜ್ಞನು ಕಲ್ಲಿನ ಮೇಲಿನ ಅಕ್ಷರವನ್ನು ಓದಿ ಅಂದಿನವರು ಯಾರ ತ್ಯಾಗವನ್ನು ಗೌರವಿಸಿದರೆಂದು ತಿಳಿಸುತ್ತಾನೆ. ಭೂವಿಜ್ಞಾನಿಯು ಕಲ್ಲಿನ ಹರಳುಗಳನ್ನೇ ಓದುತ್ತಾನೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದವನು ಅವನೇ. ಅಕ್ಷರದಿಂದ ಕಲ್ಲಿನ ವಯಸ್ಸು ತಿಳಿಯದು. ಹರಳಿನಿಂದ ವೀರನ ತ್ಯಾಗ ತಿಳಿಯದು. ಆದಿಕಾಂಡವೂ ಜಗತ್ತಿನ ಅರ್ಥವನ್ನು ಕುರಿತು ನುಡಿಯುತ್ತದೆಯೇ ಹೊರತು ಅದರ ವಯಸ್ಸನ್ನಲ್ಲ.

ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟದ್ದನ್ನು 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರದ ಮೂಲಕ ಆಕ್ಷೇಪಿಸಿದರು. ಅವರ ಆಕ್ಷೇಪ ನ್ಯಾಯವಾದುದು. ಹತ್ತನೆಯ ತರಗತಿಯ ನಂತರ ಜೀವಶಾಸ್ತ್ರವನ್ನು ಮುಂದುವರಿಸುವವರು ಕೆಲವರೇ. ಉಳಿದವರಿಗೆ ಅದೇ ಕೊನೆಯ ಅವಕಾಶ. ಆದುದರಿಂದ ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಲ್ಲಿಯೇ ಈ ಪಾಠವು ಎಲ್ಲೆಡೆಗಿಂತ ಸ್ಪಷ್ಟವಾಗಿ ನಡೆಯಬೇಕು. ಪ್ರಶ್ನಿಸುವ ವಿದ್ಯಾರ್ಥಿಯಿಂದ ಧರ್ಮಕ್ಕೆ ಕೇಡಿಲ್ಲ. ಪ್ರಶ್ನೆಯನ್ನು ಅಡಗಿಸುವ ಗುರುವಿನಿಂದ ಧರ್ಮಕ್ಕೂ ವಿದ್ಯೆಗೂ ಕೇಡುಂಟು.