ಪುಕ್ಕಟೆ ಕಛೇರಿಯ ಜಮಾ-ಖರ್ಚು

ನಮ್ಮ ಭೇರ್ಯದಿಂದ ಸಾಲಿಗ್ರಾಮದ ದಾರಿ ಹಿಡಿದು, ಅಲ್ಲಿಂದ ಇನ್ನೊಂದಿಷ್ಟು ಮುಂದೆ ಹೋದರೆ ಕಾವೇರಿ ದಂಡೆಯಲ್ಲಿ ರುದ್ರಪಟ್ಟಣ ಸಿಗುತ್ತದೆ. ತಾಲ್ಲೂಕು ಅರಕಲಗೂಡು, ಜಿಲ್ಲೆ ಹಾಸನ. ಜಿಲ್ಲೆ ಬೇರೆಯಾದರೂ ನಮ್ಮ ಕಡೆಯವರಿಗೆ ಅದು ಪಕ್ಕದ ಊರೇ. ಹೊಸಬರು ನೋಡಿದರೆ ಎಲ್ಲ ಊರುಗಳ ಹಾಗೆ ಇದೂ ಒಂದು ಎನ್ನುತ್ತಾರೆ: ಹೆಂಚಿನ ಮನೆಗಳು, ಗುಡಿ, ಹೊಳೆ, ಗದ್ದೆ. ಆದರೆ ಕರ್ನಾಟಕ ಸಂಗೀತ ಬಲ್ಲವರು ಈ ಹೆಸರು ಕೇಳಿದರೆ ಸಾಕು, ನೆಟ್ಟಗೆ ಕೂರುತ್ತಾರೆ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲಿ. 90 ದಾಟಿದ ಮೇಲೂ ವೇದಿಕೆಯಲ್ಲಿ ಗಟ್ಟಿ ದನಿಯಲ್ಲಿ ಹಾಡಿದವರು ಅವರು. ಅವರ ಅಣ್ಣ, ಪಿಟೀಲು ವಿದ್ವಾನ್ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳು, 'ರುದ್ರಪಟ್ಟಣಂ ಸಹೋದರರು' ಎಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ವಿದ್ವಾನ್ ಆರ್.ಕೆ. ಪದ್ಮನಾಭ ಎಲ್ಲರೂ ಈ ಊರಿನವರೇ. ಹೆಸರಿನ ಮೊದಲಿಗೆ ನಿಂತ ಆ 'ಆರ್' ಅಕ್ಷರವೇ ಅವರ ಊರು.

ಇವರೆಲ್ಲ ಊರು ಬಿಟ್ಟು ಮೈಸೂರು, ಬೆಂಗಳೂರು ಸೇರಿದರು. ಸೇರದೆ ವಿಧಿಯಿರಲಿಲ್ಲ. ಪಾಠ ಹೇಳುವ ಗುರುಗಳು, ಆಕಾಶವಾಣಿ, ಕಛೇರಿಯ ವೇದಿಕೆ, ಸಂಭಾವನೆ ಎಲ್ಲ ಇದ್ದದ್ದು ಅಲ್ಲಿ. ಹೀಗೆ ಹೋದವರನ್ನು ವರ್ಷಕ್ಕೊಮ್ಮೆಯಾದರೂ ಹೊಳೆ ದಂಡೆಗೆ ಕರೆತಂದದ್ದು ರುದ್ರಪಟ್ಟಣದ ಸಂಗೀತೋತ್ಸವ. ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು, ಸಮಿತಿ ಕಟ್ಟಿಕೊಂಡು, ಇದನ್ನು ನಡೆಸಿಕೊಂಡು ಬಂದರು. ತಂಬೂರಿಯ ಆಕಾರದಲ್ಲೇ 'ಸಪ್ತಸ್ವರ ದೇವತಾ ಧ್ಯಾನ ಮಂದಿರ' ಎಂಬ ಗುಡಿಯೊಂದು ಊರಿನಲ್ಲಿ ಎದ್ದಿತು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಕಟ್ಟಡ ನೋಡಿಯೇ ಅವರಿಗೆ ವಾದ್ಯದ ಹೆಸರು ಬಾಯಿಗೆ ಬರುತ್ತದೆ.

ಇಂಥ ಉತ್ಸವಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ. ನನ್ನ ಮೊಮ್ಮಗ ಒಮ್ಮೆ ಗಣೇಶನ ಪೆಂಡಾಲಿನಲ್ಲಿ, ತನಿ ಆವರ್ತನ ನಡೆಯುತ್ತಿರುವಾಗಲೇ, ಕಿವಿಯ ಹತ್ತಿರ ಬಾಯಿ ತಂದು ಕೇಳಿದ: "ತಾತ, ಇಲ್ಲಿ ಟಿಕೆಟ್ಟೇ ಇಲ್ವಲ್ಲ. ಇವರಿಗೆಲ್ಲ ದುಡ್ಡು ಯಾರು ಕೊಡ್ತಾರೆ?"

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ರಾಗದ ವಿಷಯ ಕೇಳಿದ್ದರೆ ಪಕ್ಕದವರತ್ತ ಕೈ ತೋರಿಸುತ್ತಿದ್ದೆ. ಜಮಾ-ಖರ್ಚಿನ ವಿಷಯ ನನ್ನ ಪಾಲಿಗೇ ಬಂತು. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತೇನೆ.

ಮೊದಲು ಈ ದುಡ್ಡು ಅರಮನೆಯಿಂದ ಬರುತ್ತಿತ್ತು. ಮೈಸೂರಿನ ಮಹಾರಾಜರು ಆಸ್ಥಾನ ವಿದ್ವಾಂಸರನ್ನು ಇಟ್ಟುಕೊಂಡು ಸಾಕಿದರು. ನವರಾತ್ರಿಯಲ್ಲಿ ಅರಮನೆಯಲ್ಲಿ ಹಾಡುವುದೆಂದರೆ ದೊಡ್ಡ ಗೌರವ. ಆದರೆ ಅರಮನೆಯೊಳಗಿನ ಸಂಗೀತ ಎಲ್ಲರ ಕಿವಿಗೂ ಬೀಳುವಂಥದ್ದಲ್ಲ. ಬೀದಿಯ ಜನಕ್ಕೂ ಕೇಳಿಸಬೇಕೆಂದು ಹೊರಟವರು ವಿದ್ವಾಂಸರು ಮತ್ತು ಊರಿನ ರಸಿಕರು. ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಇಂದಿಗೂ ಹಳಬರು ಅದನ್ನು 'ಬಿಡಾರಂ ಕೃಷ್ಣಪ್ಪನವರ ರಾಮಮಂದಿರ' ಎಂದೇ ಕರೆಯುವುದು. ಅವರ ಶಿಷ್ಯ ಟಿ. ಚೌಡಯ್ಯನವರು ನಮ್ಮ ತಿರುಮಕೂಡಲಿನವರು. ಮೈಕ್ ಇಲ್ಲದ ಆ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿ ಸೇರಿಸಿ ಏಳು ಮಾಡಿದವರು. ಅತ್ತ ಬೆಂಗಳೂರಿನಲ್ಲಿ 1905ರಲ್ಲೇ ಗಾಯನ ಸಮಾಜ ಹುಟ್ಟಿತ್ತು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ ಆರಂಭಿಸಿದರು. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಅವರ ರಾಮನವಮಿ ಸಂಗೀತೋತ್ಸವಕ್ಕೆ ಹಾಡದ ದೊಡ್ಡ ವಿದ್ವಾಂಸರು ಕಡಿಮೆ. ಮೈಸೂರಿನ ವಾಣಿವಿಲಾಸ ಮೊಹಲ್ಲಾದ 8ನೇ ಕ್ರಾಸಿನ ಗಣೇಶೋತ್ಸವವಂತೂ ರಸ್ತೆಗೇ ಚಪ್ಪರ ಹಾಕಿ ಕಛೇರಿ ನಡೆಸಿ ಹೆಸರಾದದ್ದು. ಜುಬ್ಬಾ ಹಾಕಿದ ರಸಿಕರ ಪಕ್ಕದಲ್ಲೇ ತರಕಾರಿ ಚೀಲ ಹಿಡಿದವರೂ ನಿಂತು ಕೇಳಬಹುದು. ಯಾರೂ ಎಬ್ಬಿಸುವುದಿಲ್ಲ.

ರಾಜರು ಬಿಟ್ಟ ಜಾಗವನ್ನು ತುಂಬಿದ್ದು ಹೀಗೆ ಜನ ತಾವೇ ಕಟ್ಟಿಕೊಂಡ ಸಭೆ, ಸಮಾಜ, ಮಂಡಳಿಗಳು. ಇವುಗಳಲ್ಲಿ ಯಾರೂ ಮಾಲೀಕರಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಸಂಘ ಮಾಡಬಹುದು. ಕೆಲವರು ಟ್ರಸ್ಟ್ ಮಾಡಿಕೊಳ್ಳುತ್ತಾರೆ. ಸಂಘದಲ್ಲಿ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು, ನೋಂದಣಾಧಿಕಾರಿಗಳಿಗೆ ಅದನ್ನು ಸಲ್ಲಿಸಬೇಕು. ದುಡ್ಡು ಉಳಿದರೆ ಪದಾಧಿಕಾರಿಗಳು ಹಂಚಿಕೊಳ್ಳುವಂತಿಲ್ಲ, ಮುಂದಿನ ವರ್ಷದ ಕೆಲಸಕ್ಕೇ ಹೋಗಬೇಕು. ಮೊಮ್ಮಗನಿಗೆ ಹೀಗೆ ಹೇಳಿದೆ: "ಅಂಗಡಿಯಲ್ಲಿ ಲಾಭ ಬಂದ್ರೆ ಯಜಮಾನನ ಜೇಬಿಗೆ. ಸಭೆಯಲ್ಲಿ ಉಳಿದ್ರೆ ಇನ್ನೊಂದು ಕಛೇರಿಗೆ."

ಇನ್ನು ಜಮಾ ಕಡೆ ನೋಡೋಣ. ಸದಸ್ಯರ ಚಂದಾ, ದಾನಿಗಳ ದೇಣಿಗೆ, ಸ್ಮರಣ ಸಂಚಿಕೆಗೆ ಸಿಗುವ ಜಾಹೀರಾತು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಸಿಕ್ಕಿದರೆ ಸಿಕ್ಕಿದಷ್ಟು ಸಹಾಯಧನ. ಇವುಗಳ ಜೊತೆಗೆ 'ದತ್ತಿ'. ತಂದೆಯ ಹೆಸರಲ್ಲೋ ತಾಯಿಯ ಹೆಸರಲ್ಲೋ ಒಬ್ಬರು ಸಭೆಗೆ ಒಂದು ಮೊತ್ತ ಕೊಡುತ್ತಾರೆ. ಅದನ್ನು ಬ್ಯಾಂಕಿನಲ್ಲಿ ಎಫ್.ಡಿ. ಇಟ್ಟು, ಬಡ್ಡಿಯಲ್ಲಿ ಪ್ರತಿ ವರ್ಷ ಅವರ ಹೆಸರಿನಲ್ಲಿ ಒಂದು ಕಛೇರಿ. ಅಸಲು ಹಾಗೇ ಇರುತ್ತದೆ.

ಖರ್ಚಿನ ಕಡೆ ಪಟ್ಟಿ ಉದ್ದ. ಹಾಡುಗಾರರ ಸಂಭಾವನೆ ಒಂದೇ ನಮ್ಮ ಕಣ್ಣಿಗೆ ಕಾಣುವುದು. ಪಿಟೀಲು, ಮೃದಂಗ, ಘಟ ಅಥವಾ ಖಂಜರಿ ನುಡಿಸುವವರ ಸಂಭಾವನೆ, ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯೆಯ ಬಸ್ ಚಾರ್ಜು, ಶಾಮಿಯಾನ, ಮೈಕ್ ಸೆಟ್, ಕರೆಂಟು ಹೋದರೆ ಜನರೇಟರ್, ಆಹ್ವಾನ ಪತ್ರಿಕೆಯ ಅಚ್ಚು, ಅಂಚೆ, ಹೂವಿನ ಹಾರ, ಶಾಲು, ಹಣ್ಣಿನ ಬುಟ್ಟಿ, ವಿದ್ವಾಂಸರಿಗೆ ರಾತ್ರಿ ಊಟ. ರಾಮನವಮಿಯಾದರೆ ಪಾನಕ-ಕೋಸಂಬರಿಗೆ ಬೆಲ್ಲ, ಹೆಸರುಬೇಳೆ. ಇವುಗಳಲ್ಲಿ ಶಾಮಿಯಾನದವರು, ಮೈಕಿನವರು, ಅಚ್ಚುಕೂಟದವರು ಯಾರೂ ಸಾಲ ಹೇಳುವುದಿಲ್ಲ. ದುಡ್ಡು ಕಡಿಮೆ ಬಿದ್ದಾಗ ಕತ್ತರಿ ಬೀಳುವುದು ಸಾಮಾನ್ಯವಾಗಿ ಪಕ್ಕವಾದ್ಯದವರ ಲಕೋಟೆಗೆ. ಪಟ್ಟಿಯಲ್ಲಿ ಅವರ ಹೆಸರು ಕೊನೆಯಲ್ಲಿರುತ್ತದೆ, ಮತ್ತು ಅವರು ಜಗಳ ಆಡುವವರಲ್ಲ.

ನಾನು ಕೆಲಸ ಮಾಡಿದ ಶಾಖೆಯೊಂದರಲ್ಲಿ ಇಂಥದೊಂದು ಸಣ್ಣ ಸಂಗೀತ ಸಭೆಯ ಖಾತೆ ಇತ್ತು. ಖಜಾಂಚಿ ನಿವೃತ್ತ ಮೇಷ್ಟ್ರು. ಉತ್ಸವ ಮುಗಿದ ಮಾರನೆಯ ದಿನ ಮಂಗಳಾರತಿ ತಟ್ಟೆಯ ಚಿಲ್ಲರೆಯನ್ನು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ನಾಣ್ಯಗಳನ್ನು ಮನೆಯಲ್ಲೇ ಬೇರೆ ಬೇರೆ ಮಾಡಿ ಪೊಟ್ಟಣ ಕಟ್ಟಿರುತ್ತಿದ್ದರು. ಐವತ್ತು ಪೈಸೆಯೂ ವೋಚರಿನಲ್ಲಿ ಬರಬೇಕು.

ಆ ಸಭೆಗೆ ಒಬ್ಬ ತಾಯಿ ತೀರಿಹೋದ ಯಜಮಾನರ ಹೆಸರಲ್ಲಿ 25,000 ರೂಪಾಯಿ ದತ್ತಿ ಇಟ್ಟಿದ್ದರು. 1990ರ ದಶಕದ ಮೊದಲ ವರ್ಷಗಳು. ಎಫ್.ಡಿ. ಬಡ್ಡಿ ಶೇ. 12. ವರ್ಷಕ್ಕೆ 3,000 ರೂಪಾಯಿ. ಆ ಕಾಲಕ್ಕೆ ಸಣ್ಣ ಊರಿನಲ್ಲಿ ಒಬ್ಬ ಗಾಯಕರನ್ನು ಪಿಟೀಲು, ಮೃದಂಗದ ಸಮೇತ ಕರೆಸಿ, ಊಟ ಹಾಕಿ, ಗೌರವವಾಗಿ ಕಳಿಸಿಕೊಡಲು ಸಾಕಾಗುತ್ತಿತ್ತು. ಆಮೇಲೆ ಬಡ್ಡಿ ಇಳಿಯುತ್ತ ಬಂತು. 2003-04ರ ಹೊತ್ತಿಗೆ ಶೇ. 6ರ ಆಸುಪಾಸಿಗೆ ಬಂದು ನಿಂತಿತು. ಅದೇ 25,000ಕ್ಕೆ ಈಗ 1,500 ರೂಪಾಯಿ. ಬಡ್ಡಿ ಅರ್ಧ ಆಯಿತು, ಬಸ್ ಚಾರ್ಜು, ಶಾಮಿಯಾನದ ಬಾಡಿಗೆ ಎಷ್ಟೋ ಪಾಲು ಹೆಚ್ಚಾಯಿತು.

ಮೇಷ್ಟ್ರು ಕೌಂಟರಿಗೆ ಬಂದು ರಸೀದಿ ಮುಂದಿಟ್ಟು, "ಏನ್ ಸ್ವಾಮಿ, ಮತ್ತೆ ಇಳಿಸಿಬಿಟ್ರಾ ಬಡ್ಡಿನ?" ಎಂದರು.

"ನಾನೆಲ್ಲಿ ಇಳಿಸ್ಲಿ ಮೇಷ್ಟ್ರೇ? ಇಳಿಸೋರು ಬೊಂಬಾಯಲ್ಲಿದ್ದಾರೆ. ಬೈಸಿಕೊಳ್ಳೋನು ಇಲ್ಲಿದ್ದೀನಿ."

ಅವರು ನಗಲಿಲ್ಲ. ಸಮಿತಿಯಲ್ಲಿ ಒಬ್ಬರು, ಎಫ್.ಡಿ. ಮುರಿದು ಈ ಸಲ ಜೋರಾಗಿ ಮಾಡಿಬಿಡೋಣ ಎಂದಿದ್ದರಂತೆ. ಇನ್ನೊಬ್ಬರು, ಆಯಮ್ಮನಿಗೆ ಇನ್ನೂ ಹಣ ಸೇರಿಸಲು ಹೇಳಿ ಎಂದಿದ್ದರಂತೆ. ಆಯಮ್ಮನಿಗೆ ಬರುತ್ತಿದ್ದದ್ದು ಕುಟುಂಬ ಪಿಂಚಣಿ ಮಾತ್ರ. ಮೇಷ್ಟ್ರು ಎರಡಕ್ಕೂ ಒಪ್ಪಲಿಲ್ಲ. "ಅಸಲು ಮುಟ್ಟೋದಕ್ಕೆ ನಮಗೆ ಹಕ್ಕಿಲ್ಲ. ಆಯಮ್ಮ ನಂಬಿ ಕೊಟ್ಟಿರೋದು. ಪೂರ್ತಿ ಕೊಟ್ಟವರನ್ನ ಮತ್ತೆ ಕೇಳೋದಕ್ಕೆ ಬಾಯಿಲ್ಲ" ಎಂದರು.

ಕೊನೆಗೆ ಅವರು ಮಾಡಿದ ಏರ್ಪಾಡು ಸರಳ. ಸಭೆಯಲ್ಲಿ ಅಂಥವೇ ನಾಲ್ಕು ಸಣ್ಣ ದತ್ತಿಗಳಿದ್ದವು. ನಾಲ್ಕನ್ನೂ ಸೇರಿಸಿ ಒಂದು ಸಂಜೆಯ ಕಛೇರಿ ಮಾಡಿದರು. ಆಹ್ವಾನ ಪತ್ರಿಕೆಯಲ್ಲಿ ನಾಲ್ವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ. ಕಛೇರಿ ಶುರುವಾಗುವ ಮೊದಲು ನಾಲ್ಕೂ ಹೆಸರು ಓದಬೇಕು. ಸಂಭಾವನೆಯಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. ಮೃದಂಗದವರ ಲಕೋಟೆ ಅವರು ವೇದಿಕೆ ಇಳಿಯುವ ಮೊದಲೇ ಕೈ ಸೇರಬೇಕು ಎಂಬುದು ಮೇಷ್ಟ್ರ ಕಾನೂನು. ಕಛೇರಿ ನಾಲ್ಕರಿಂದ ಒಂದಕ್ಕೆ ಇಳಿಯಿತು, ನಿಜ. ಆದರೆ ನಡೆದದ್ದು ಮರ್ಯಾದೆಯಾಗಿ ನಡೆಯಿತು. ಆ ತಾಯಿ ಪ್ರತಿ ವರ್ಷ ಮಗ್ಗದ ಸೀರೆ ಉಟ್ಟು ಬಂದು, ಯಜಮಾನರ ಹೆಸರು ಓದುವಾಗ ಸೆರಗು ಹೊದ್ದು ಕೈ ಮುಗಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಸಣ್ಣ ಸಭೆಗಳಿಂದ ಇನ್ನೊಂದು ಉಪಕಾರವಿದೆ. ಸಂಗೀತ ಕಲಿಯುವ ಮಕ್ಕಳ ತಂದೆ-ತಾಯಿ ಇದನ್ನು ಗಮನಿಸಬೇಕು. ದೊಡ್ಡ ವಿದ್ವಾಂಸರನ್ನು ಕರೆಯಲು ಎಲ್ಲರೂ ಸಿದ್ಧ. ಹದಿನಾರು ವರ್ಷದ ಹುಡುಗಿಗೆ ಮೊದಲ ವೇದಿಕೆ ಕೊಡುವವರು ಯಾರು? ಸಭೆಗಳಲ್ಲಿ ದೊಡ್ಡ ಕಛೇರಿಗೆ ಮೊದಲು ಸಂಜೆ ಐದರ ಹೊತ್ತಿಗೆ ಕಿರಿಯರ ಕಛೇರಿ ಇರುತ್ತದೆ. ಎದುರಿಗೆ ಹದಿನೈದು ಜನ, ಅರ್ಧ ಖಾಲಿ ಕುರ್ಚಿಗಳು, ಹಿಂದೆ ಮೈಕಿನವನ "ಹಲೋ, ಚೆಕ್". ಆ ಹದಿನೈದು ಜನರ ಮುಂದೆ ಹಾಡಿಯೇ ಹುಡುಗಿ ಶ್ರುತಿ ಬಿಡದೆ ಕೂರುವುದನ್ನು, ಪಿಟೀಲಿನವರಿಗೆ ಅವಕಾಶ ಕೊಡುವುದನ್ನು, ತಾಳ ತಪ್ಪಿದರೆ ಗಾಬರಿಯಾಗದೆ ಸರಿಮಾಡಿಕೊಳ್ಳುವುದನ್ನು ಕಲಿಯುತ್ತಾಳೆ. ಮನೆಯಲ್ಲಿ ಮೊಬೈಲ್ ಮುಂದೆ ಹಾಡಿದರೆ ಇದು ಬರುವುದಿಲ್ಲ. ಅಲ್ಲಿ ತಪ್ಪಿದರೆ ಅಳಿಸಿ ಮತ್ತೆ ಹಾಡಬಹುದು.

ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಈ ಲೆಕ್ಕ ಎಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಕಂಸಾಳೆಯವರಿದ್ದಾರೆ, ತಂಬೂರಿ ಮೀಟಿ ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರಿದ್ದಾರೆ, ಮದುವೆ-ಜಾತ್ರೆಗಳಲ್ಲಿ ನಾಗಸ್ವರ ನುಡಿಸುವವರಿದ್ದಾರೆ. ಜಾತ್ರೆ, ಹರಕೆ, ಮದುವೆ ಇವೇ ಅವರ ವೇದಿಕೆ. ಮದುವೆಗೆ ಡಿ.ಜೆ. ಪೆಟ್ಟಿಗೆ ಬಂದರೆ ವಾಲಗದವರ ಆ ತಿಂಗಳ ಸಂಪಾದನೆ ಹೋಯಿತು. ಅವರ ಬೆನ್ನಿಗೆ ನಿಲ್ಲುವ, ವರ್ಷಕ್ಕೊಮ್ಮೆ ಕರೆದು ಹಾಡಿಸಿ, ಶಾಲಿನ ಜೊತೆಗೆ ಚೆಕ್ಕನ್ನೂ ಕೊಡುವ ಸಂಘಗಳು ಹಳ್ಳಿಗಳಲ್ಲಿ ಇನ್ನೂ ಹೆಚ್ಚಬೇಕು. ರುದ್ರಪಟ್ಟಣದವರು ತಮ್ಮೂರಿನ ಸಂಗೀತವನ್ನು ತಮ್ಮೂರಿಗೇ ಕರೆತಂದರು. ಬೇರೆ ಊರಿನವರೂ ತಮ್ಮಲ್ಲಿರುವ ಸಂಗೀತಕ್ಕೆ ಅಷ್ಟು ಮಾಡಬಹುದು.

ದುಡ್ಡು ಎಲ್ಲಿಂದ ಎಂದು ಕೇಳುವಿರಿ. ಒಂದು ಲೆಕ್ಕ ಹಾಕೋಣ, ಮಕ್ಕಳೂ ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಊರಿನಲ್ಲಿ ನೂರು ಮನೆ. ಮನೆಗೆ ತಿಂಗಳಿಗೆ 30 ರೂಪಾಯಿ, ಎಂದರೆ ದಿನಕ್ಕೆ ಒಂದು ರೂಪಾಯಿ. ತಿಂಗಳಿಗೆ 3,000, ವರ್ಷಕ್ಕೆ 36,000. ಇದರಲ್ಲಿ ದೊಡ್ಡ ಹೆಸರಿನವರನ್ನು ಕರೆಸಲಾಗದು. ನಮ್ಮ ಸುತ್ತಮುತ್ತಲಿನ ಕಲಾವಿದರ ಎರಡೋ ಮೂರೋ ಕಾರ್ಯಕ್ರಮಗಳನ್ನು, ಊರಿನ ಸಮುದಾಯ ಭವನದಲ್ಲಿ, ಅಚ್ಚುಕಟ್ಟಾಗಿ ಮಾಡಬಹುದು.

ಬ್ಯಾಂಕಿನವನಾಗಿ ನಾಲ್ಕು ಮಾತು ಸೇರಿಸುತ್ತೇನೆ. ಖಾತೆ ಸಂಘದ ಹೆಸರಲ್ಲಿರಲಿ, ಯಾರೊಬ್ಬರ ಸ್ವಂತ ಹೆಸರಲ್ಲಿ ಬೇಡ. ಇಬ್ಬರ ಸಹಿಯಿಲ್ಲದೆ ಹಣ ತೆಗೆಯುವಂತಿರಬಾರದು. ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡಿ. ಉತ್ಸವ ಮುಗಿದ ಹದಿನೈದು ದಿನದೊಳಗೆ ಜಮಾ-ಖರ್ಚಿನ ಪಟ್ಟಿಯನ್ನು ಎಲ್ಲರಿಗೂ ಕಾಣುವ ಗೋಡೆಗೆ ಅಂಟಿಸಿ. ಲೆಕ್ಕ ಕಂಡ ಊರು ಮುಂದಿನ ವರ್ಷ ಕೇಳದೆಯೇ ಕೊಡುತ್ತದೆ. ದೊಡ್ಡ ದೇಣಿಗೆ ಕೊಡುವವರು ಸಂಸ್ಥೆಗೆ ತೆರಿಗೆ ವಿನಾಯಿತಿಯ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಇದ್ದರೆ, ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ವಿನಾಯಿತಿ ಉಂಟು. ಆದರೆ 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಅದು ಸಿಗುವುದಿಲ್ಲ, ಚೆಕ್ ಬರೆಯಿರಿ.

ಕೊಡಲು ಕೈಯಲ್ಲಿ ಏನೂ ಇಲ್ಲದವರಿಗೂ ಒಂದು ಕೆಲಸವಿದೆ. ಈ ಸಲ ರಾಮನವಮಿಗೋ ಗಣೇಶನ ಹಬ್ಬಕ್ಕೋ ಕಛೇರಿ ಇದ್ದರೆ ಏಳು ಗಂಟೆಗೆ ಹೋಗಬೇಡಿ, ಮಕ್ಕಳನ್ನು ಕರೆದುಕೊಂಡು ಐದಕ್ಕೇ ಹೋಗಿ. ಮುಂದಿನ ಸಾಲಿನಲ್ಲಿ ಕೂತು ಆ ಹೊಸ ಹುಡುಗಿಯ ಹಾಡು ಕೇಳಿ. ಮುಗಿದ ಮೇಲೆ ಮೃದಂಗ ನುಡಿಸಿದ ಹುಡುಗನ ಹತ್ತಿರ ಹೋಗಿ "ಚೆನ್ನಾಗಿತ್ತಪ್ಪ" ಎನ್ನಿ. ಪಾನಕ ಆಮೇಲೆ ಕುಡಿದರಾಯಿತು.