ಕಿರುಯಂತ್ರಕ್ಕೆ ಮಾತು ಕಲಿಸುವ ವಿದ್ಯೆ

ಸಿದ್ಧವಸ್ತುವನ್ನು ಬಳಸಬಲ್ಲವನು ಕುಶಲನೆನಿಸಿಯಾನು. ಅದರ ಒಳಮರ್ಮವನ್ನು ಅರಿತವನೇ ವಿದ್ಯಾವಂತನು. ಮೈಕ್ರೋಕಂಟ್ರೋಲರ್ ಎಂಬ ಕಿರುಗಣಕಗಳು ಶಾಲೆಗಳ ಪ್ರಯೋಗಾಲಯಗಳನ್ನು ಪ್ರವೇಶಿಸುತ್ತಿರುವ ಈ ಕಾಲದಲ್ಲಿ ಅಧ್ಯಾಪಕರೂ ದಾನಿಗಳೂ ಈ ಭೇದವನ್ನು ಮನಗಾಣಬೇಕಾಗಿದೆ.

ಎಟಿಟೈನಿ 85 ಎಂಬ ಚಿಪ್ಪನ್ನೇ ನೋಡಬಹುದು. ಅದಕ್ಕೆ ಕಾಲುಗಳು ಎಂಟೇ. ಪ್ರೋಗ್ರಾಮಿಗೆ 8 ಕಿಲೋಬೈಟು, ಕೆಲಸದ ನೆನಪಿಗೆ 512 ಬೈಟು ಮಾತ್ರ ಎಡೆಯುಂಟು. ಅಕ್ಷರಗಳನ್ನು ಒಂದೇ ತಂತಿಯಲ್ಲಿ ಸಾಲಾಗಿ ಕಳುಹಿಸುವ ಯುಎಆರ್‌ಟಿ ಎಂಬ ಅಂಗವು ಅದರಲ್ಲಿಲ್ಲ. ಆ ಕೊರತೆಯನ್ನು ಪ್ರೋಗ್ರಾಮಿನಿಂದಲೇ ತುಂಬಬೇಕು.

ಅದರ ಕ್ರಮವು ಸರಳವಾದುದು. ಸುಮ್ಮನಿರುವ ತಂತಿಯು ಉಚ್ಚಸ್ಥಿತಿಯಲ್ಲಿರುತ್ತದೆ. ಅದನ್ನು ನೀಚಸ್ಥಿತಿಗೆ ಇಳಿಸಿದೊಡನೆ ಮಾತಿನ ಆರಂಭ. ಬಳಿಕ ಕಿರಿಯ ಸ್ಥಾನದಿಂದ ಮೊದಲ್ಗೊಂಡು 8 ಬಿಟ್ಟುಗಳು. ಕಡೆಯಲ್ಲಿ ಮತ್ತೆ ಉಚ್ಚಸ್ಥಿತಿಯ ಮುಕ್ತಾಯ. ಸೆಕೆಂಡಿಗೆ 9600 ಬಿಟ್ಟುಗಳ ವೇಗದಲ್ಲಿ ಒಂದೊಂದಕ್ಕೂ ಸುಮಾರು 104 ಮೈಕ್ರೋಸೆಕೆಂಡು. ಕೇಳುವ ಯಂತ್ರವು ಆರಂಭವನ್ನು ಕಂಡು, ಒಂದೂವರೆ ಬಿಟ್ಟಿನಷ್ಟು ಕಾಲ ತಡೆದು, ಮೊದಲ ಬಿಟ್ಟಿನ ನಟ್ಟನಡುವೆ ತಂತಿಯನ್ನು ಪರೀಕ್ಷಿಸುತ್ತದೆ. ಕನ್ನಡದ 'ಅ'ಕಾರವು ಯುಟಿಎಫ್-8 ಕ್ರಮದಲ್ಲಿ 3 ಬೈಟು. ಆರಂಭ ಮುಕ್ತಾಯಗಳು ಸೇರಿ 30 ಬಿಟ್ಟು. ಅದು ತಂತಿಯನ್ನು ದಾಟಲು 3 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು.

ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ. ಮಾತ್ರೆ ತಪ್ಪಿದರೆ ಷಟ್ಪದಿಯ ನಡೆ ಕೆಡುತ್ತದೆ. ಇಲ್ಲಿ ಕಾಲ ತಪ್ಪಿದರೆ ಅಕ್ಷರವೇ ಬೇರೊಂದಾಗುತ್ತದೆ. ಎರಡು ಯಂತ್ರಗಳ ಕಾಲಗತಿಯ ಅಂತರವು ಸುಮಾರು ಶೇಕಡಾ 5ನ್ನು ಮೀರಿದರೆ ಮಾತು ಕೆಟ್ಟಂತೆಯೇ. ಈ ಚಿಪ್ಪಿನ ಒಳಗಡಿಯಾರವಾದರೋ ಕಾರ್ಖಾನೆಯಿಂದ ಬರುವಾಗಲೇ ಶೇಕಡಾ 10ರವರೆಗೆ ಹೆಚ್ಚುಕಡಮೆ ಇರಬಹುದು. ಆದಕಾರಣ ವಿದ್ಯಾರ್ಥಿಯು ಅಳೆಯಬೇಕು, ತಿದ್ದಬೇಕು, ಮತ್ತೆ ಅಳೆಯಬೇಕು.

ಯುಎಆರ್‌ಟಿ ಇರುವ ಚಿಪ್ಪುಗಳು ಸುಲಭವಾಗಿ ದೊರೆಯುವಾಗ ಈ ಶ್ರಮವೇಕೆಂದು ಕೇಳುವವರುಂಟು. ಆಕ್ಷೇಪವು ನಿರಾಧಾರವಲ್ಲ. ಪ್ರೋಗ್ರಾಮಿನಿಂದ ಬಿಟ್ಟುಗಳನ್ನು ಎಣಿಸುವಾಗ ಚಿಪ್ಪು ಅನ್ಯಕಾರ್ಯಕ್ಕೆ ಒದಗದು. ಏಕಕಾಲದಲ್ಲಿ ಆಡುವುದೂ ಕೇಳುವುದೂ ಕಷ್ಟ. ಕಾರ್ಖಾನೆಗೆ ಸಿದ್ಧ ಅಂಗವೇ ಲೇಸು. ಆದರೆ ಶಾಲೆಯು ಕಾರ್ಖಾನೆಯಲ್ಲ. ಅಲ್ಲಿ ಸಿದ್ಧವಾಗಬೇಕಾದುದು ಸರಕಲ್ಲ, ಬುದ್ಧಿ.

ವಿದ್ಯಾರ್ಥಿಯು ಒಮ್ಮೆ ತಾನೇ ಈ ಪ್ರೋಗ್ರಾಮನ್ನು ಬರೆದು ಒಂದು ಅಕ್ಷರವನ್ನು ದಾಟಿಸಲಿ. ಆಮೇಲೆ ಸಿದ್ಧ ಲೈಬ್ರರಿಯನ್ನು ಧಾರಾಳವಾಗಿ ಬಳಸಲಿ. ದಾನಿಗಳು ಹತ್ತು ಕಿಟ್ಟುಗಳೊಡನೆ ತಂತಿಯ ಏರಿಳಿತವನ್ನು ಕಣ್ಣಿಗೆ ತೋರುವ ಒಂದು ಆಸಿಲೋಸ್ಕೋಪನ್ನೂ ಕೊಡಲಿ. ಕಾಯಕವನ್ನು ಪೂಜ್ಯವೆಂದು ಸಾರಿದ ಶರಣರ ಹಾದಿಯಲ್ಲಿ ನಡೆಯುವ ವಿದ್ಯಾಸಂಸ್ಥೆಗೆ, ಕೈಯಾರೆ ಮಾಡಿ ಕಲಿಯುವುದಕ್ಕಿಂತ ಒಪ್ಪುವ ಪಾಠ ಬೇರೊಂದಿಲ್ಲ.